ಕೊಂಡಿ ಹಾಕುವಾಗಿನ ಉಸಿರು

ಇಳಕಲ್ಲಿನ ನಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಅವ್ವ ಕೂತಿದ್ದಳು. ಪಕ್ಕದಲ್ಲಿ ನಾನು, ಎದುರಿಗೆ ನಾವೆಲ್ಲ ಖಾಲಾ ಎನ್ನುತ್ತಿದ್ದ ನೆರೆಮನೆಯ ಮುದುಕಿ. ಎಪ್ಪತ್ತರ ದಶಕದ ಕೊನೆಯ ಮಾತು. ಸೀರೆಯ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಎಳೆ ಅಲುಗೀತೆಂದು ಅವ್ವ ಉಸಿರು ಬಿಗಿಹಿಡಿಯುತ್ತಿದ್ದಳು. ಸಂಜೆಗೆ ಬೆನ್ನು ಸೆಟೆದು, ಗೋಡೆ ಹಿಡಿದೇ ಏಳುವಂತಾಗಿತ್ತು. ಇನ್ನು ಮಗ್ಗ ಬಿಡಬೇಕಾದೀತೆಂಬ ಅಳುಕು ಅವಳಿಗೆ.

ಜೀವಮಾನವಿಡೀ ನೇಯ್ದರೂ ಖಾಲಾಳ ಬೆನ್ನು ನೆಟ್ಟಗಿತ್ತು. ಅವ್ವನ ಪಕ್ಕೆಲುಬಿನ ಕೆಳಗೆ ಎರಡೂ ಕೈ ಇಟ್ಟು ಗದರಿದಳು: “ಉಸುರು ಬಿಡ ನಮ್ಮವ್ವಾ! ದಾರ ಏನ್ ಹಾರಿ ಹೋಗ್ತೈತೇನು? ನನ್ನ ಕೈ ಅಗಲ ಆಗೂಹಂಗ ತಗೋ. ಹೆಗಲ ಎತ್ತಬ್ಯಾಡ.”

“ನೀ ಯಾವಾಗ ಡಾಕ್ಟರ ಆದಿ?” ಎಂದು ಅವ್ವ ನಕ್ಕಳು. ನಗು ನಿಂತಾಗ ಉಸಿರು ತಾನಾಗಿ ಕೆಳಗಿಳಿದು ಖಾಲಾಳ ಕೈಗಳು ಅಗಲವಾದವು.

“ಹಾಂ, ಹಿಂಗ ನೋಡ!”

ಎದೆ, ಹೊಟ್ಟೆಗಳ ನಡುವಿನ ವಪೆ ಎಂಬ ಸ್ನಾಯು ಇಳಿದಾಗ ಸೊಂಟಕ್ಕೆ ಒಳಗಿನಿಂದ ಆಸರೆ ಸಿಗುತ್ತದೆಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಖಾಲಾಳ ಅಂಗೈಗೆ ಅದು ಮೊದಲೇ ಗೊತ್ತಿತ್ತು.

ಅವ್ವ ದಿನವೂ ಹಾಗೇ ಉಸಿರಾಡುವ ರೂಢಿ ಮಾಡಿಕೊಂಡಳು. ಕೆಲವು ಸೀರೆಗಳಾದ ಮೇಲೆ ಒಂದು ಸಂಜೆ, ಕೊಂಡಿ ಮುಗಿಸಿ, ಗೋಡೆ ಮುಟ್ಟದೆ ಎದ್ದು ಖಾಲಾಳಿಗೆ ಚಹಾ ಮಾಡಲು ಒಳಗೆ ಹೋದಳು.