ಮೀಟರ್ ಗಾಜಿನ ಮೇಲಿನ ಗಂಧ

ಆ ಬಸ್ಸು ಈಗಲೂ ನನ್ನ ಬೆನ್ನ ಹಿಂದೆಯೇ ನಿಂತಿದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ಸಾಕು, ತಿರುಗಿ ನೋಡುತ್ತೇನೆ.

ಅಂದು ಬೆಳಗ್ಗೆ ಹತ್ತರ ಸುಮಾರಿಗೆ ನಾನೂ ಅಕ್ಕನೂ ಕತ್ರಿಗುಪ್ಪೆಯ ಅವಳ ಮನೆಯಿಂದ ಅವಳ ಕಾರಿನಲ್ಲಿ ಜೆ.ಪಿ. ನಗರಕ್ಕೆ ಹೊರಟಿದ್ದೆವು. ಅಕ್ಕ ಫಿಸಿಯೋಥೆರಪಿಸ್ಟ್. ಮೊಣಕಾಲಿನ ಆಪರೇಷನ್ ಆದವರು, ಲಕ್ವ ಹೊಡೆದವರು, ಹೀಗೆ ಹೊರಗೆ ಬರಲಾಗದವರ ಮನೆಗೆ ತಾನೇ ಹೋಗಿ ವ್ಯಾಯಾಮ ಮಾಡಿಸುತ್ತಾಳೆ. ಡಿಕ್ಕಿಯಲ್ಲಿ ಅವಳ ಯಂತ್ರ, ಮರಳಿನ ಚೀಲಗಳು, ಮಡಚುವ ವಾಕರ್ ಸದಾ ಇರುತ್ತವೆ. ಹದಿನಾರು ವರ್ಷದ ಆ ಕಾರಿಲ್ಲದಿದ್ದರೆ ಅವಳ ಕೆಲಸವೂ ಇಲ್ಲ.

ರಿಂಗ್ ರಸ್ತೆಯಲ್ಲಿ ಬನಶಂಕರಿ ದಾಟುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಅಂಡರ್‌ಪಾಸಿಗೆ ಇಳಿಯುತ್ತಿದ್ದಂತೆ ಧಡಕ್ಕನೆ ಕೆಳಗೆ ಬಿತ್ತು.

"ನೋಡು, ಇಳೀತು. ಹೋಗ್ತಾ ಇರು," ಎಂದೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು.

ಅಕ್ಕ ತಲೆ ವಾರೆ ಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ನನಗೂ ಕೇಳಿಸಿತು. ಯಾರೋ ಸ್ಟೀಲ್ ಲೋಟಕ್ಕೆ ಚಮಚ ಬಡಿಯುವಂಥ ಟಕಟಕ. ಏರು ಅರ್ಧ ಹತ್ತಿದಾಗ ಅವಳು ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದಳು. ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕೂ ಇಂಡಿಕೇಟರ್ ಹಾಕಿದಳು.

"ಇಲ್ಲಿ ನಿಲ್ಲಿಸ್ಬೇಡ್ವೇ! ಮೇಲಕ್ಕೆ ಹೋಗು!" ಎಂದು ಕಿರುಚಿದೆ.

ಹಾರ್ನ್. ಬ್ರೇಕು ರಸ್ತೆಯನ್ನು ಉಜ್ಜಿದ ಸದ್ದು. ತಿರುಗಿದರೆ ಹಿಂದಿನ ಗಾಜಿನ ತುಂಬ ಬಸ್ಸಿನ ಮುಖ. ಅದರೊಳಗೆ ತೂಗುಹಾಕಿದ್ದ ಸೇವಂತಿಗೆ ಹಾರ ಮುಂದಕ್ಕೆ ಬಂದು ಗಾಜಿಗೆ ಬಡಿದು ಹಿಂದಕ್ಕೆ ಹೋಯಿತು. ಬಸ್ಸು ನಿಂತಿತ್ತು. ಇಳಿದು ನೋಡಿದಾಗ ಅದಕ್ಕೂ ನಮಗೂ ನಡುವೆ ಒಂದು ಮೊಳ ಜಾಗವಿತ್ತು.

ಬಸ್ ಡ್ರೈವರ್ ಇಳಿದು ಬಂದ. "ಏನ್ ಮೇಡಂ, ಇದೇನ್ ನಿಮ್ಮನೆ ಪಾರ್ಕಿಂಗಾ? ಸೈಡಿಗಾದ್ರೂ ಹೋಗ್ಬಾರ್ದಾ?"

"ಸೈಡ್ ಎಲ್ಲಿದೆ ತೋರ್ಸಣ್ಣ, ಹೋಗ್ತೀನಿ," ಎಂದಳು ಅಕ್ಕ.

ಎರಡೂ ಪಕ್ಕ ಗೋಡೆ. ಅವನು ಗೋಡೆ ನೋಡಿದ, ಬಾನೆಟ್ಟಿನಿಂದ ಏಳುತ್ತಿದ್ದ ಹಬೆ ನೋಡಿದ. "ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಬೇಡಿ, ಮುಖ ಬೆಂದೋಗತ್ತೆ," ಎಂದು ಕಂಡಕ್ಟರನ್ನೂ ಕರೆದು ಕಾರನ್ನು ಮೇಲಕ್ಕೆ ತಳ್ಳಿಕೊಟ್ಟ. ನಾನು ಇನ್ನೂ ಬಸ್ಸನ್ನೇ ನೋಡುತ್ತಿದ್ದೆ. ಅಕ್ಕ ಫುಟ್‌ಪಾತಿನಲ್ಲಿ ನಿಂತು ಅಂದಿನ ಪೇಷಂಟಿಗೆ ಫೋನ್ ಮಾಡಿ, ಕುರ್ಚಿ ಹಿಡಿದು ಹತ್ತು ಸಲ ಎದ್ದು ಕೂರಿ ಎಂದು ಹೇಳುತ್ತಿದ್ದಳು.

ಸಂಜೆ ಭಾವ, ಅಂದರೆ ಅಕ್ಕನ ಗಂಡ, ತೀರ್ಪು ಕೊಟ್ಟರು. ಬ್ಯಾಂಕಿನಿಂದ ನಿವೃತ್ತರಾದವರು, ಒಳ್ಳೆಯವರು. "ಅಂಡರ್‌ಪಾಸ್ ಮಧ್ಯೆ ಯಾರಾದ್ರೂ ಆಫ್ ಮಾಡ್ತಾರಾ? ಸಾಕು. ಗಾಡಿ ಗುಜರಿಗೆ ಹೋಗ್ಲಿ. ನಿನಗೂ ಐವತ್ನಾಲ್ಕಾಯ್ತು, ಮನೇಲಿರು."

"ಇಬ್ರನ್ನೂ ಒಟ್ಟಿಗೇ ಗುಜರಿಗೆ ಹಾಕ್ತೀರಾ, ಇಲ್ಲ ಒಬ್ಬೊಬ್ರನ್ನೇನಾ?" ಎಂದಳು ಅಕ್ಕ.

ಭಾವ ನನ್ನ ಕಡೆ ತಿರುಗಿದರು. "ನೀನಿದ್ಯಲ್ಲ, ನೀನೇ ಹೇಳು." ನಾನು ಹೇಳಲಿಲ್ಲ. ಅವರ ಮಾತೇ ಸರಿ ಅನ್ನಿಸಿತ್ತು. ಅಕ್ಕ ಅದನ್ನು ನನ್ನ ಮುಖದಲ್ಲಿ ಓದಿಕೊಂಡಳು.

"ಮೊದಲು ಏನಾಯ್ತು ಅಂತ ಗೊತ್ತಾಗ್ಲಿ. ಗೊತ್ತಿಲ್ದೆ ನನ್ ಕೈಯಿಂದ ಕೀ ಕಿತ್ಕೋಬೇಡಿ," ಎಂದಳು.

ಮರುದಿನ ಗಿರಿನಗರದ ಗ್ಯಾರೇಜಿಗೆ ಮೂವರೂ ಹೋದೆವು. ಮೆಕ್ಯಾನಿಕ್ ನಮ್ಮ ವಯಸ್ಸಿನವರೇ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡವರು. ಆಯಿಲ್ ಕಡ್ಡಿ ಎಳೆದು ನೋಡಿದರು. ಅದರ ತುದಿಯಲ್ಲಿ ಎಣ್ಣೆಯ ಬದಲು ಹಾಲು ಜಾಸ್ತಿಯಾದ ಕಾಫಿಯಂಥ ನೊರೆ.

"ಆಯಿಲ್‌ಗೆ ನೀರು ಸೇರಿದೆ ಮೇಡಂ. ತೆಳ್ಳಗಾದ್ರೆ ಪ್ರೆಷರ್ ಎಲ್ಲಿಂದ ಬರತ್ತೆ? ಕೆಂಪು ಲೈಟ್ ಹತ್ತಿರ್ಬೇಕಲ್ಲ?"

"ಹತ್ಲೇ ಇಲ್ಲ," ಎಂದಳು ಅಕ್ಕ.

ಅವರು ಒಳಗೆ ಕೂತು ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದರು. ಆಗ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು. ಆಯಿಲ್ ದೀಪ ಕಾಣಲಿಲ್ಲ. ಬಗ್ಗಿ ನೋಡಿ ಒದ್ದೆ ಬಟ್ಟೆಯಿಂದ ಮೀಟರ್ ಗಾಜನ್ನು ಉಜ್ಜಿದರು. ಒಣಗಿದ ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ಗಂಧ. ಪ್ರತಿ ಆಯುಧಪೂಜೆಗೂ ಭಾವ ಅದೇ ಜಾಗಕ್ಕೆ ಬೊಟ್ಟಿಡುತ್ತಿದ್ದರು. ಪೂಜೆಯದನ್ನು ಒರೆಸಬಾರದೆಂದು ಯಾರೂ ಮುಟ್ಟಿರಲಿಲ್ಲ. ಗಾಜಿನ ಹಿಂದೆ ಎಷ್ಟು ದೀಪಗಳಿವೆ ಎಂದು ಅಕ್ಕ ಎಣಿಸಿಯೂ ಇರಲಿಲ್ಲ. ಹೆಕ್ಕಳಿಕೆ ಏಳುತ್ತಿದ್ದಂತೆ ಒಳಗೆ ಕೆಂಪು ದೀಪ ಉರಿಯುತ್ತಿರುವುದು ಕಂಡಿತು.

"ಲೈಟ್ ಹತ್ತೇ ಇತ್ತು ಸಾರ್. ನೀವು ದೇವ್ರನ್ನ ಅದರ ಮೇಲೇ ಕೂರ್ಸಿಬಿಟ್ಟಿದ್ದೀರ."

ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

"ರೇಡಿಯೇಟರಿಗೆ ನೀರು ಯಾರು ಹಾಕ್ತಿದ್ರು?" ಎಂದರು ಮೆಕ್ಯಾನಿಕ್.

"ನಾನೇ," ಎಂದರು ಭಾವ, ಸಣ್ಣ ದನಿಯಲ್ಲಿ. "ದಿನಾ ಬೆಳಗ್ಗೆ. ತುಳಸಿಗೆ ಹಾಕಿ ಚೊಂಬಲ್ಲಿ ಉಳಿದಿದ್ದು."

"ದಿನಾ ಹಿಡೀತಿತ್ತಾ? ಎಲ್ಲಿಗೆ ಹೋಗ್ತಿದೆ ಅಂತ ಅನ್ನಿಸ್ಲಿಲ್ವಾ? ಕಾರಿಗೇನು ಬಾಯಾರಿಕೆಯಾ ಸಾರ್?"

ಅಕ್ಕನಿಗೆ ಆ ಚೊಂಬಿನ ವಿಷಯವೇ ಗೊತ್ತಿರಲಿಲ್ಲ. ಅವಳು ನೋಡಿದಾಗಲೆಲ್ಲ ರೇಡಿಯೇಟರಿನ ನೀರಿನ ಬಾಟಲಿ ತುಂಬಿಯೇ ಇರುತ್ತಿತ್ತು.

ಮೆಕ್ಯಾನಿಕ್ ರೇಡಿಯೇಟರಿಗೆ ನೀರು ತುಂಬಿ ಕೈಪಂಪಿನಿಂದ ಗಾಳಿ ಒತ್ತಿದರು. ಪಂಪಿನ ಮುಳ್ಳು ನಿಧಾನ ಇಳಿಯಿತು, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚಿದರು. ಮೂರು ಒಣಗಿದ್ದವು, ನಾಲ್ಕನೆಯದರ ತುದಿ ಒದ್ದೆ. ಇಂಜಿನ್ನಿನ ತಲೆಗೂ ಒಡಲಿಗೂ ನಡುವಿನ ಗ್ಯಾಸ್ಕೆಟ್ ಪದರ ಹೋಗಿ, ನೀರು ಒಳಗೊಳಗೇ ಎಣ್ಣೆಗೆ ಇಳಿಯುತ್ತಿತ್ತು.

"ನಿನ್ನೆ ಬಿಸಿ ತೋರ್ಸೋ ಮುಳ್ಳು ಇಳೀತಲ್ಲ, ಅದು?" ಎಂದು ಕೇಳಿದೆ.

"ನೀರೇ ಇಲ್ದಿದ್ರೆ ಏನನ್ನ ಅಳೆಯತ್ತೆ ಮೇಡಂ? ಅದು ತಣ್ಣಗಾಗಿದ್ದಲ್ಲ, ಖಾಲಿಯಾಗಿದ್ದು."

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಹೆಚ್ಚು ಚುಚ್ಚಿತು.

ಗ್ಯಾಸ್ಕೆಟ್ ಬದಲಾಯಿಸಬಹುದು, ಆದರೆ ಸರಿಯಾದ ಎಣ್ಣೆಯಿಲ್ಲದೆ ತಿರುಗಿ ಒಳಗಿನ ಬೇರಿಂಗ್‌ಗಳು ಸವೆದಿದ್ದರೆ ಇಂಜಿನ್ ಮುಗಿದಂತೆ, ಅದು ಕೊನೆಗೇ ಗೊತ್ತಾಗುವುದು ಎಂದರು ಮೆಕ್ಯಾನಿಕ್. "ಹಾಗಾದ್ರೆ ಗುಜರಿ," ಎಂದರು ಭಾವ. "ಇಂಜಿನ್ ಮುಗಿದಿದ್ರೆ ಆಗ್ಲಿ, ನಾನೂ ಮನೇಲಿರ್ತೀನಿ. ಇಲ್ದಿದ್ರೆ ಈ ಮಾತು ಇನ್ನೊಂದ್ಸಲ ಬರ್ಬಾರ್ದು," ಎಂದಳು ಅಕ್ಕ.

ಎಂಟು ದಿನ ಬಿಟ್ಟು ಹೋದಾಗ ಹೊಸ ಗ್ಯಾಸ್ಕೆಟ್ ಕೂತಿತ್ತು, ಹಸಿರು ಕೂಲೆಂಟ್, ಹೊಸ ಎಣ್ಣೆ ತುಂಬಿತ್ತು. ಎಣ್ಣೆಯ ಒತ್ತಡವನ್ನು ನೇರ ಅಳೆಯುವ ಗೇಜೊಂದನ್ನು ಇಂಜಿನ್ನಿಗೆ ತಿರುಗಿಸಿ ಕೂರಿಸಿದರು. ಸ್ಟಾರ್ಟ್ ಮಾಡಿದಾಗ ಮುಳ್ಳು ಎದ್ದಿತು.

"ಇದು ಲೆಕ್ಕಕ್ಕಿಲ್ಲ. ಬಿಸಿಯಾದ ಮೇಲೂ ಮುಳ್ಳು ಬೀಳದೆ ನಿಂತ್ರೆ ಇಂಜಿನ್ ಉಳಿದಂಗೆ," ಎಂದರು ಮೆಕ್ಯಾನಿಕ್.

ನಾವು ನಾಲ್ವರೂ ಬಾನೆಟ್ಟಿನ ಸುತ್ತ ನಿಂತೆವು. ಮುಳ್ಳು ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ಅಕ್ಕ ಕೈಕಟ್ಟಿಕೊಂಡು, ಪೇಷಂಟ್ ಮೊದಲ ಹೆಜ್ಜೆ ಇಡುವಾಗ ನೋಡುವಂತೆ ನೋಡುತ್ತಿದ್ದಳು. ರೇಡಿಯೇಟರಿನ ಫ್ಯಾನ್ ಸುಂಯ್ ಎಂದು ತಿರುಗಿತು. ಮುಳ್ಳು ಅಲ್ಲೇ ನಿಂತಿತು. ಫ್ಯಾನ್ ನಿಂತು ಮತ್ತೆ ತಿರುಗಿತು. ಮುಳ್ಳು ಕದಲಲಿಲ್ಲ.

"ಅಂಡರ್‌ಪಾಸಲ್ಲಿ ಆಫ್ ಮಾಡಿದ್ದು ಯಾರು?" ಎಂದರು ಮೆಕ್ಯಾನಿಕ್.

"ನಾನು."

"ಮೇಲಕ್ಕೆ ಹತ್ಸಿದ್ರೆ ಇಂಜಿನ್ ಜಾಮ್ ಆಗೋಗ್ತಿತ್ತು. ಉಳ್ಸಿದ್ದು ನೀವೇ."

ಈಗ ನಾನು ಬಾಯಿ ಬಿಟ್ಟೆ. "ಹತ್ಸು ಅಂತ ಕಿರುಚಿದ್ದು ನಾನು ಭಾವ. ಬಸ್ಸು ಗುದ್ದಿದ್ರೂ ತಪ್ಪು ಅವಳದಾಗ್ತಿರ್ಲಿಲ್ಲ. ಆವತ್ತು ನೀವು ಕೇಳ್ದಾಗ ನಾನು ಸುಮ್ನಿದ್ದೆ. ಇವತ್ತು ಹೇಳ್ತಿದ್ದೀನಿ."

ಅಕ್ಕ ಕೀ ತೆಗೆದುಕೊಂಡಳು. ಭಾವ ಒಳದಾರಿಯಲ್ಲಿ ಹೋಗು ಎಂದರೂ ಕೇಳದೆ ನೇರ ಅದೇ ಅಂಡರ್‌ಪಾಸಿಗೆ ಇಳಿಸಿದಳು. ನಾನು ಹಿಂದೆ ನೋಡುತ್ತಲೇ ಇದ್ದೆ. ಅವಳು ನೋಡಲಿಲ್ಲ.

ಈ ಸಲದ ಆಯುಧಪೂಜೆಗೆ ಭಾವ ತಟ್ಟೆ ಹಿಡಿದು ಬಂದರು. ಬಾನೆಟ್ಟಿಗೆ, ಸ್ಟೀರಿಂಗಿಗೆ ಬೊಟ್ಟಿಟ್ಟು ಅಭ್ಯಾಸಬಲದಿಂದ ಮೀಟರಿನ ಕಡೆ ಬೆರಳು ಚಾಚಿದರು. ಅಕ್ಕ ಗಾಜಿನ ಮೇಲೆ ಅಂಗೈ ಹರವಿದಳು, ತೆಗೆಯಲಿಲ್ಲ. ಭಾವ ಗಂಧವನ್ನು ಆ ಕೈಯ ಹಿಂಬದಿಗೇ ಹಚ್ಚಿದರು.

ಅವಳು ಕೀ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಮೂವರೂ ನೋಡಿದೆವು. ಇಂಜಿನ್ ಸ್ಟಾರ್ಟ್ ಆಯಿತು, ದೀಪ ಆರಿತು. ನಿಂಬೆಹಣ್ಣುಗಳ ಮೇಲೆ ಚಕ್ರ ಹಾಯಿಸಿಕೊಂಡು ಅಕ್ಕ ಗೇಟಿನಾಚೆ ಹೋದಳು.