ಷಡ್ಡಕ ತಂದ ಡಿಸ್ಕು

ನನ್ನ ಷಡ್ಡಕನ ಮೇಲೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನ ಮೇಲೆ, ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ? ಅವನದು ಕೊಳ್ಳೇಗಾಲ, ರೇಷ್ಮೆ ಸೀರೆ ನೇಯುವ ಮನೆ, ಮಗ್ಗದ ಪಕ್ಕದಲ್ಲೇ ಫೈಬರ್ ಲೈನು. ನನ್ನದು ಹನೂರು. ಮೋಡ ಕಟ್ಟಿದರೆ ಸಾಕು, ನೆಟ್ಟು ಮಲಗುತ್ತೆ.

ಇಬ್ಬರಿಗೂ ಬಿಟ್‌ಕಾಯಿನ್ ಹುಚ್ಚು. ಕೊಳ್ಳುವ ಹುಚ್ಚಲ್ಲ, ಶುರುವಿನಿಂದ ಜಗತ್ತಿನಲ್ಲಿ ನಡೆದ ಅದರ ಅಷ್ಟೂ ವ್ಯವಹಾರ ಬರೆದಿರುವ ಪುಸ್ತಕವನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಹುಚ್ಚು. ಅದಕ್ಕೆ ಹತ್ತು ನಿಮಿಷಕ್ಕೊಂದರಂತೆ ಪುಟ ಸೇರುತ್ತಲೇ ಇರುತ್ತೆ. ಯಾವ ಪುಟವನ್ನೂ ಅಳಿಸುವಂತಿಲ್ಲ.

ಯುಗಾದಿಗೆ ಯಳಂದೂರಿನ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. "ಅಣ್ಣ, ಆ ಪುಸ್ತಕ ಬೆಳೆಯೋ ಸ್ಪೀಡ್‌ಗೆ ಇನ್ನೈದು ವರ್ಸಕ್ಕೆ ನಮ್ಮಂಥೋರ ಮನೇಲಿ ಇಟ್ಕಳಕ್ಕಾಗಲ್ಲ ಕಣಣ್ಣ. ಡಿಸ್ಕೂ ಸಾಲ್ದು, ಲೈನೂ ಸಾಲ್ದು" ಅಂದ ಷಡ್ಡಕ. ಮಾವ ತಲೆದೂಗಿದರು. ಅವನು ಏನಂದರೂ ತಲೆದೂಗುತ್ತಾರೆ! ನನಗೆ ಮೈಯೆಲ್ಲ ಉರಿಯಿತು. "ಏನೂ ಆಗಲ್ಲ ಓಗು! ಪುಸ್ತಕಕ್ಕಿಂತ ಜೋರಾಗಿ ಡಿಸ್ಕೂ ಲೈನೂ ಬೆಳೀತವೆ. ಗೌರಿಹಬ್ಬದೊಳಗೆ ಹನೂರಲ್ಲೇ ಇಟ್ಟು ತೋರಿಸ್ತೀನಿ" ಅಂದುಬಿಟ್ಟೆ.

ದೊಡ್ಡ ಡಿಸ್ಕು ತಂದೆ. ಎರಡು ತಿಂಗಳಾದರೂ ಪುಸ್ತಕದ ಅರ್ಧವೂ ಇಳಿಯಲಿಲ್ಲ. ಲೈನು ಹೋಗಿ ಬರುವಷ್ಟರಲ್ಲಿ ಇನ್ನಷ್ಟು ಹೊಸ ಪುಟ. ಕೊಳ್ಳೇಗಾಲದವನು ಒಂದೇ ವಾರದಲ್ಲಿ ಮುಗಿಸಿದ್ದನಂತೆ. ಅವನ ಫೋನ್ ಬಂದರೆ ನಾನು ಎತ್ತುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿಳಿದು ಅವನೇ ಮನೆಗೆ ಬಂದ. ಸೀರೆ ಡಬ್ಬದೊಳಗೆ ಒಂದು ಡಿಸ್ಕು. "ಅಳೇ ಪುಟ ಎಲ್ಲಾ ಇದ್ರಲ್ಲವೆ, ತಕೊ ಅಣ್ಣ. ಇನ್ಮುಂದಿನವು ನಿನ್ ಲೈನಲ್ಲೇ ಬರ್ಲಿ" ಅಂದ. ಕಾಫಿ ಕುಡಿದು ಹೊರಟ.

ಅದರಲ್ಲಿದ್ದ ಪುಟಗಳನ್ನೆಲ್ಲ ನನ್ನ ಡಿಸ್ಕಿಗೆ ಇಳಿಸಿಕೊಂಡೆ. ಯಾರ ಪ್ರತಿಯನ್ನೂ ಕಣ್ಣು ಮುಚ್ಚಿ ನಂಬಬಾರದು ಅನ್ನೋದೇ ಈ ಹುಚ್ಚಿನ ನೇಮ. ಮೊದಲ ಪುಟದಿಂದ ಕಂಪ್ಯೂಟರೇ ಪರೀಕ್ಷೆ ಮಾಡುತ್ತೆ. ನನ್ನ ಹಳೇ ಕಂಪ್ಯೂಟರ್ ವಾರಗಟ್ಟಲೆ ಮಾಡಿತು. ಒಂದಾದರೂ ಪುಟ ಕೆಟ್ಟಿರಲಿ ಅಂತ ದೇವರಿಗೆ ಕೈಮುಗಿದೆ, ಥೂ ನನ್ನ ಬುದ್ಧಿಗಿಷ್ಟು! ಒಂದೂ ಕೆಟ್ಟಿರಲಿಲ್ಲ. ಆಮೇಲೆ ದಿನದಿನದ ಹೊಸ ಪುಟಗಳು ಹನೂರಿನ ಲೈನಿನಲ್ಲೇ ಸಲೀಸಾಗಿ ಬಂದವು.

ಗೌರಿಹಬ್ಬಕ್ಕೆ ಯಳಂದೂರಿಗೆ ಹೋದೆ. ವಾಪಸ್ ಕೊಡಬೇಕಾದ ಡಿಸ್ಕು ಚೀಲದಲ್ಲಿತ್ತು. ನಾನು ಬಾಯಿ ಬಿಡುವ ಮೊದಲೇ ಅವನು, "ಮಾವ, ಅಣ್ಣನ ಮಾತೇ ದಿಟ. ಪುಸ್ತಕ ಈಗ ಹನೂರಲ್ಲೂ ಅದೆ. ನಾ ಸೋತೆ" ಅಂದ. ಡಿಸ್ಕಿನ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾವ ಅವನ ಬೆನ್ನು ತಟ್ಟಿದರು. "ಸೋತೆ ಅನ್ನಕ್ಕೂ ದೊಡ್ಡ ಮನಸು ಬೇಕು ಕಣಪ್ಪ" ಅಂದರು.

ಗೆದ್ದವನು ನಾನು, ಬೆನ್ನು ತಟ್ಟಿಸಿಕೊಂಡವನು ಅವನು! ಎಲ್ಲರೆದುರು ಆ ಡಿಸ್ಕು ತೆಗೆದುಕೊಡಲು ನನಗೆ ಕೈ ಬರಲಿಲ್ಲ. ಅದು ಈಗಲೂ ನನ್ನ ಬೀರುವಿನಲ್ಲೇ ಇದೆ, ಅದೇ ಸೀರೆ ಡಬ್ಬದಲ್ಲಿ.