ಹೊಳೆಬದಿಯ ಮರದಲ್ಲಿ ಚಾಪೆ

“ಟೀಚರ್, ಅದು ಹಕ್ಕಿಗೂಡಲ್ಲ, ನಮ್ಮ ಮನೆಯ ಚಾಪೆ!”

ಬಂಟ್ವಾಳದ ಹೊಳೆಬದಿಯ ಉದ್ಯಾನದಲ್ಲಿ ಆರನೇ ತರಗತಿಯ ಮಕ್ಕಳಿಗೆ ಗೂಡು ಹುಡುಕಲು ಹೇಳಿದ್ದೆ. ಆಯಿಷಾ ತೋರಿಸಿದ ಕೊಂಬೆ ಎರಡಾಳು ಎತ್ತರದಲ್ಲಿತ್ತು. ಹರಿದ ಹಸಿರು ಪ್ಲಾಸ್ಟಿಕ್ ಚಾಪೆಯೊಂದು ಅಲ್ಲಿ ನೇತಾಡುತ್ತಿತ್ತು.

“ಈ ಮಳೆಗಾಲದ ನೆರೆಗೆ ಹೋದದ್ದು. ಮೂಲೆಯಲ್ಲಿ ಉಮ್ಮ ಹೊಲಿದ ಕೆಂಪು ಬಟ್ಟೆ ಉಂಟು, ನೋಡಿ.”

ಉಂಟು, ಹೌದು. ಹನ್ನೆರಡು ವರ್ಷ ನದಿಯ ಪಾಠವನ್ನು ಕರಿಹಲಗೆಯ ಮೇಲೆ ನೀಲಿ ಗೆರೆ ಎಳೆದು ಮುಗಿಸಿದವಳು ನಾನು. ನಾವು ನಿಂತ ಜಾಗ ನಾಲ್ಕು ತಿಂಗಳ ಹಿಂದೆ ಹೊಳೆಯ ಅಡಿಯಲ್ಲಿತ್ತೆಂದು ಆಗಲೇ ಗೊತ್ತಾಯಿತು.

ಮರುವರ್ಷ ಹೆಡ್‌ಮಾಸ್ಟ್ರು, “ಹೊಳೆಬದಿಗೆ ಬೇಡ ಟೀಚರೇ, ಪುಸ್ತಕದಲ್ಲೇ ಉಂಟಲ್ಲ” ಎಂದರು. ನಾನು ಕೇಳಲಿಲ್ಲ. ನಿವೃತ್ತಿಯವರೆಗೂ ಮಕ್ಕಳನ್ನು ಆ ಮರದಡಿಗೇ ಕರೆದುಕೊಂಡು ಹೋಗಿ, ಮೊದಲು ತಲೆ ಎತ್ತಿ ನೋಡಲು ಹೇಳಿದೆ.